ಕೇಳದೆ ಬರೆದ ಹೆಸರುಗಳು

ಟ್ಯಾನರ್ಸ್ ಗ್ಯಾಪ್, ಪೆನ್ಸಿಲ್ವೇನಿಯ
14 ಜನವರಿ 2025

ಮಿಸ್ಟರ್ ಶೇಡ್ಲ್ ಅವರಿಗೆ,

ನಮ್ಮ ಬಂದೂಕು ಕ್ಲಬ್ಬಿನ ಗುರಿ ಅಭ್ಯಾಸದ ರೇಂಜನ್ನು ತಿಂಗಳಿಗೆ ಎರಡು ಶನಿವಾರ, ಅದೂ ನಾಲ್ಕು ಗಂಟೆ ಮಾತ್ರ ತೆರೆಯಬೇಕು ಎಂಬ ಕರಡು ನಿಯಮ ಕಳೆದ ಗುರುವಾರ ಟೌನ್‌ಶಿಪ್ ಸಭೆಯ ಮುಂದೆ ಬಂದಿದೆ. ಇದನ್ನು ವರದಿ ಮಾಡಿದ್ದು ನಮ್ಮ ವಾರಪತ್ರಿಕೆ, ಮೂರನೇ ಪುಟದಲ್ಲಿ, ಹಿಮ ತೆಗೆಯುವ ಹೊಸ ಲಾರಿಯ ಸುದ್ದಿಯ ಕೆಳಗೆ. ನಾನೂ ಸಭೆಯಲ್ಲಿದ್ದೆ. ವರದಿಯಲ್ಲಿ ತಪ್ಪಿಲ್ಲ.

ಹನ್ನೊಂದು ವರ್ಷದ ಮೇಲೆ ನಿಮಗೆ ಬರೆಯುತ್ತಿದ್ದೇನೆ. ನೀವು ಈ ಕಾಗದವನ್ನು ಒಡೆಯದೆ ಒಲೆಗೆ ಹಾಕಬಹುದು ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಟೌನ್‌ಶಿಪ್ ನಡೆಸುವ ಮೂವರು ಚುನಾಯಿತ ಸೂಪರ್‌ವೈಸರ್‌ಗಳಲ್ಲಿ ಡೆಲಿಂಜರ್ ಕರಡಿನ ಪರ. ಒಬ್ಬರು ವಿರುದ್ಧ. ಮೂರನೆಯವರು ಈ ವರ್ಷ ನಿವೃತ್ತರಾಗುತ್ತಾರೆ. ತಮ್ಮ ಕುರ್ಚಿಗೆ ಬರುವವರೇ ತೀರ್ಮಾನಿಸಲಿ ಎಂದು ಹೇಳಿ ಅವರು ವಿಷಯವನ್ನು ಮುಂದಕ್ಕೆ ಹಾಕಿದರು. ಆ ಕುರ್ಚಿಗೆ ಇಬ್ಬರು ಸ್ಪರ್ಧಿಸುತ್ತಾರೆ. ಮೇವಿನ ಗಿರಣಿಯ ವಾಲ್ಟ್ ಕ್ರೌಸ್ ನಮ್ಮ ಪರ. ಗುಡ್ಡದ ಮೇಲಿನ ಹೊಸ ಮನೆಗಳಿಂದ ಡೆನಿಸ್ ಲೆಫ್ಲರ್ ಎಂಬ ನಿವೃತ್ತ ನರ್ಸ್. ಗುಂಡಿನ ಸದ್ದಿನ ಬಗ್ಗೆ ಮೊದಲು ದೂರು ಕೊಟ್ಟವರು ಅವರೇ. ಇಬ್ಬರೂ ಒಂದೇ ಪಕ್ಷ. ನಮ್ಮಲ್ಲಿ ಇನ್ನೊಂದು ಪಕ್ಷದಿಂದ ಯಾರೂ ನಿಲ್ಲುವುದಿಲ್ಲ. ಹಾಗಾಗಿ ನವೆಂಬರ್‌ನ ಚುನಾವಣೆ ಬರೀ ಶಾಸ್ತ್ರ. ಪಕ್ಷದೊಳಗಿನ ಆಯ್ಕೆಗೆ ಮೇ ತಿಂಗಳಲ್ಲಿ ನಡೆಯುವ ಪ್ರೈಮರಿಯಲ್ಲೇ ಎಲ್ಲ ಮುಗಿಯುತ್ತದೆ.

ಮತದಾರರ ಪಟ್ಟಿ ಇಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ದಾಖಲೆ. ಯಾರಿಗೆ ಮತ ಹಾಕಿದರು ಎಂಬುದು ಅದರಲ್ಲಿ ಇರುವುದಿಲ್ಲ. ಹಾಕಿದರೋ ಇಲ್ಲವೋ ಎಂಬುದು ಇರುತ್ತದೆ. ನಮ್ಮ ಟೌನ್‌ಶಿಪ್‌ನದನ್ನು ತರಿಸಿ, ಕ್ಲಬ್ಬಿನ ಸದಸ್ಯರ ಪಟ್ಟಿಯ ಪಕ್ಕದಲ್ಲಿಟ್ಟು ಒಂದು ವಾರ ಕುಳಿತೆ. ಇಲ್ಲಿ ಮನೆ ಇರುವ ಸದಸ್ಯರು 214. ಕಳೆದ ನವೆಂಬರ್‌ನಲ್ಲಿ ಮತ ಹಾಕಿದವರು 197. ಡೆಲಿಂಜರ್ 26 ಮತಗಳಿಂದ ಗೆದ್ದ 2023ರ ಮೇನಲ್ಲಿ ಮತ ಹಾಕಿದವರು 31. ಪ್ರತಿ ಸಭೆಯಲ್ಲೂ ಹಕ್ಕುಗಳ ಬಗ್ಗೆ ಮೇಜು ಗುದ್ದುವ ನಮ್ಮ ಅಧ್ಯಕ್ಷ ವೆಂಡೆಲ್ ಸ್ಟಾಲ್ ಆ 31ರಲ್ಲಿ ಇಲ್ಲ. ಉಳಿದ 183 ಜನಕ್ಕೂ ಈ ಸಲ ಮತ ಹಾಕಿ ಎಂದು ಇವತ್ತು ಕಾರ್ಡು ಹಾಕಿದ್ದೇನೆ.

ನಿಮ್ಮ ಹೆಸರಂತೂ ಪಟ್ಟಿಯಲ್ಲೇ ಸಿಗಲಿಲ್ಲ. ಅದು ನಿಮ್ಮ ಇಷ್ಟ. ಆದರೆ ಇವರಲ್ಲಿ ಅರ್ಧ ಜನಕ್ಕೆ, ನನಗೂ ಸೇರಿ, ಹನ್ನೆರಡನೇ ವಯಸ್ಸಿನಲ್ಲಿ ಬಂದೂಕು ಹಿಡಿಯಲು ಕಲಿಸಿದವರು ನೀವು. ನೀವು ಬಂದು ಐದು ನಿಮಿಷ ಮಾತಾಡಿದರೆ ಕೇಳುತ್ತಾರೆ.

ಕ್ಲಬ್ಬಿನ ಸಭೆ ಫೆಬ್ರವರಿ 6, ಗುರುವಾರ, ಸಂಜೆ ಏಳಕ್ಕೆ.

ಇಂತಿ,
ಲೋರ್ನಾ ಕೀಫರ್
ಕಾರ್ಯದರ್ಶಿ

•

ಅಂಚೆ ಪೆಟ್ಟಿಗೆ 40
20 ಜನವರಿ

ಕಾರ್ಯದರ್ಶಿಯವರೇ,

ಕಾಗದವನ್ನು ಒಲೆಗೆ ಹಾಕಲಿಲ್ಲ. ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಎದ್ದು ನಿಂತಿದ್ದೆ.

ಬಂದೂಕು ಇಟ್ಟುಕೊಂಡವರ ಹೆಸರು, ವಿಳಾಸ, ವಯಸ್ಸು, ಅದರ ಪಕ್ಕದಲ್ಲಿ ಸರ್ಕಾರಿ ದಾಖಲೆ. ಎಲ್ಲ ಒಂದೇ ಹಾಳೆಯಲ್ಲಿ. ಅದಕ್ಕೆ ಏನೆನ್ನುತ್ತಾರೆ ಹೇಳು? ಯಾವ ಸರ್ಕಾರವೂ ಇಷ್ಟು ವರ್ಷದಲ್ಲಿ ನಮ್ಮಿಂದ ಪಡೆಯಲಾಗದ ಪಟ್ಟಿಯನ್ನು ನೀನು ನಿನ್ನ ಅಡುಗೆಮನೆಯ ಮೇಜಿನ ಮೇಲೆ ಒಂದು ವಾರದಲ್ಲಿ ಮಾಡಿ ಮುಗಿಸಿದ್ದೀಯ.

2014ರಲ್ಲಿ ವಿಮೆ ಕಂಪನಿ ಕೇಳಿತು ಎಂದು ನೀನು ಸದಸ್ಯರ ಹೆಸರನ್ನೆಲ್ಲ ಕಂಪ್ಯೂಟರಿಗೆ ಹಾಕಿ ಕಳಿಸಿದೆ. ಒಬ್ಬರನ್ನೂ ಕೇಳಲಿಲ್ಲ. ನಾನು ಕ್ಲಬ್ ಬಿಟ್ಟದ್ದು ಕಂಪ್ಯೂಟರಿಗೆ ಹೆದರಿ ಎಂದು ನೀನು ಊರೆಲ್ಲ ಹೇಳಿದ್ದೂ ಗೊತ್ತು.

ಸಭೆಗೆ ಬರುವುದಿಲ್ಲ. ಆ ಹಾಳೆಯನ್ನು ಸುಟ್ಟುಬಿಡು.

ಎಮೆಟ್ ಶೇಡ್ಲ್

•

ಟ್ಯಾನರ್ಸ್ ಗ್ಯಾಪ್
8 ಫೆಬ್ರವರಿ

ಮಿಸ್ಟರ್ ಶೇಡ್ಲ್,

ಹಾಳೆಯನ್ನು ಗುರುವಾರ ರಾತ್ರಿ ಎಂಟು ಹತ್ತಕ್ಕೆ ಕ್ಲಬ್ಬಿನ ಕಟ್ಟಿಗೆ ಒಲೆಯಲ್ಲಿ, ಎಪ್ಪತ್ತು ಜನರ ಎದುರಿಗೆ ಸುಟ್ಟೆ. ಕಂಪ್ಯೂಟರಿನಲ್ಲಿದ್ದುದನ್ನೂ ಅಳಿಸಿದೆ. ವೆಂಡೆಲ್ ಮಗಳು ಪಕ್ಕದಲ್ಲಿ ನಿಂತು ನೋಡಿ ಖಚಿತಪಡಿಸಿದಳು. ಹನ್ನೊಂದು ಜನ ಆಗಲೇ ರಾಜೀನಾಮೆ ಕೊಟ್ಟಾಗಿತ್ತು.

ನಿಮ್ಮ ಕಾಗದ ಬರುವ ಹೊತ್ತಿಗೆ ಕಾರ್ಡುಗಳು ಮನೆ ಮನೆ ತಲುಪಿದ್ದವು. ಕ್ಲಬ್ಬಿನ ಮುದ್ರೆ, ಅದರ ಕೆಳಗೆ ‘ದಾಖಲೆಯ ಪ್ರಕಾರ ನೀವು 2023ರ ಮೇನಲ್ಲಿ ಮತ ಹಾಕಿಲ್ಲ’ ಎಂಬ ಸಾಲು. ಲಕೋಟೆ ಇಲ್ಲ. ನನಗೆ ಅದು ಹೊಳೆಯಲೇ ಇಲ್ಲ. ಶಾಲೆಯ ಬಸ್ಸು ಓಡಿಸುವವಳು ನಾನು, ಎಲ್ಲರ ಮನೆಯೂ ಗೊತ್ತು. ಗೊತ್ತಿರುವುದನ್ನೆಲ್ಲ ಬರೆದಿಡಬಹುದು ಎಂದುಕೊಂಡುಬಿಟ್ಟೆ.

ಸಭೆಯಲ್ಲಿ ಮರ್ಲ್ ಫೆನ್ಸ್‌ಟರ್‌ಮೇಕರ್ ಕಾರ್ಡು ಎತ್ತಿ ಹಿಡಿದು ನಿಂತ. “ಏನಮ್ಮಾ ಲೋರ್ನಾ, ನಾನು ಓಟು ಹಾಕಿಲ್ಲ ಅಂತ ನನ್ನ ಹೆಂಡ್ತಿಗಿಂತ ಮುಂಚೆ ಪೋಸ್ಟ್‌ಮ್ಯಾನ್‌ಗೆ ಗೊತ್ತಾಯ್ತಲ್ಲ!”

“ಅದು ಬಿಡೋ, ನಿನ್ನ ಮನೇಲಿ ಬಂದೂಕಿದೆ ಅಂತಾನೂ ಗೊತ್ತಾಯ್ತಲ್ಲ,” ಎಂದರು ಹಿಂದಿನಿಂದ ಯಾರೋ.

“ಅದು ಅವನಿಗೆ ಯಾವಾಗ್ಲೋ ಗೊತ್ತು. ನನ್ನ ಟಪಾಲು ಪೆಟ್ಟಿಗೇಲಿ ತೂತು ನೋಡಿಲ್ವಾ?”

ಜನ ನಕ್ಕರು. ವೆಂಡೆಲ್ ನಗಲಿಲ್ಲ. “ನಾನು ಈ ಕ್ಲಬ್ಬಿನ ಅಧ್ಯಕ್ಷ. ನನಗೇ ಕಾರ್ಡಾ? ಯಾರು ಕೊಟ್ರು ನಿಂಗೆ ಈ ಅಧಿಕಾರ?”

“ನೀವು ಮೇನಲ್ಲಿ ಒಂದು ಸಲಾನೂ ಓಟು ಹಾಕಿಲ್ಲ, ವೆಂಡೆಲ್.”

“ಅದು ನನ್ನ ವಿಷಯ.”

“ರೇಂಜು ಎಲ್ಲರ ವಿಷಯ.”

“ನಮ್ಮನ್ನ ಲೆಕ್ಕ ಹಾಕೋ ಕೆಲಸ ಡೆಲಿಂಜರ್‌ದು ಅಂದ್ಕೊಂಡಿದ್ದೆ. ನೀನೇ ಮಾಡಿಕೊಟ್ಟೆ,” ಎಂದರು ಅವರು, ದನಿ ಎತ್ತದೆ. ಮೇಜು ಗುದ್ದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಆಗಲೇ ನಾನು ಎದ್ದು ಒಲೆಯ ಬಾಗಿಲು ತೆರೆದದ್ದು.

ಕಂಪ್ಯೂಟರಿನ ಭಯ ಎಂದು ನಾನು ಹೇಳಿದ್ದು ನಿಜ. ಹನ್ನೊಂದು ವರ್ಷ ಅದನ್ನೇ ನಂಬಿದ್ದೆ ಕೂಡ.

ಈಗ ನನ್ನ ಕೈಯಲ್ಲಿ ಒಂದು ಹೆಸರೂ ಇಲ್ಲ. ಯಾರು ಮೇನಲ್ಲಿ ಬರುತ್ತಾರೆ, ಯಾರು ಬರುವುದಿಲ್ಲ ಎಂದು ತಿಳಿಯದೆ ಯಾರನ್ನು ಕರೆಯಲಿ? ಕರೆಯದಿದ್ದರೆ ಮತ್ತೆ 31. ಹಾಗಾದರೆ ಹೊಸಬರು ಅಧಿಕಾರ ಹಿಡಿಯುವ ಜನವರಿಯಲ್ಲಿ ರೇಂಜಿಗೆ ಬೀಗ.

ಹೆಸರು ನೋಂದಾಯಿಸಲು ಕೊನೆಯ ದಿನ ಮೇ 5, ಸೋಮವಾರ. ಪ್ರೈಮರಿ ಮೇ 20, ಮಂಗಳವಾರ.

ಲೋರ್ನಾ ಕೀಫರ್

•

ಅಂಚೆ ಪೆಟ್ಟಿಗೆ 40
27 ಫೆಬ್ರವರಿ

ಲೋರ್ನಾ,

ಸುಟ್ಟ ಸುದ್ದಿಯನ್ನು ಮರ್ಲ್ ಹೇಳಿದ. ಅವನು ಕಟ್ಟಿಗೆ ತಂದುಕೊಡುತ್ತಾನೆ. “ಮುಖ ಕೆಂಪಗೆ ಮಾಡ್ಕೊಂಡಿದ್ಲು, ಆದ್ರೆ ಕೈ ನಡುಗ್ಲಿಲ್ಲ” ಎಂದ. ಕೈ ನಡುಗಬಾರದು ಎಂದು ಕಲಿಸಿದ್ದು ನಾನೇ ಎಂದೆ.

ನಿನ್ನ ಲೆಕ್ಕ ಸರಿ, ಅರ್ಥ ಮಾಡಿಕೊಂಡದ್ದು ತಪ್ಪು. ಆ 183 ಜನ ಸೋಮಾರಿಗಳು ಎಂದು ನೀನು ತಿಳಿದೆ. ನೀನು ಗಾಳಿಗೆ ಎಸೆದ ಮಣ್ಣಿನ ತಟ್ಟೆಗೆ ಗುರಿ ಇಡುವವಳು, ಕಾಡಿನ ಟರ್ಕಿ ಕೋಳಿಯ ಬೇಟೆಗೆ ಹೋಗುವವಳಲ್ಲ. ಗೋಡೆಯ ಮೇಲಿನ ಕ್ಯಾಲೆಂಡರ್ ಬಿಟ್ಟು ಬೇಟೆ ಇಲಾಖೆಯ ಪುಸ್ತಕ ತೆಗೆದು ನೋಡು. ಟರ್ಕಿ ಬೇಟೆ ಮೇ ಮೊದಲ ವಾರ ಶುರು. ಮೊದಲ ಎರಡು ವಾರ ಮಧ್ಯಾಹ್ನ ಹನ್ನೆರಡಕ್ಕೆ ಬಂದೂಕು ಇಳಿಸಬೇಕು. ಆಮೇಲೆ ಒಂದು ಸೋಮವಾರದಿಂದ ಇಡೀ ದಿನದ ಬೇಟೆ. ಈ ವರ್ಷ ಆ ಸೋಮವಾರ ಮೇ 19. ಎರಡು ವರ್ಷದ ಹಿಂದೆ ಮೇ 15 ಆಗಿತ್ತು, ಮತದಾನ 16ಕ್ಕೆ.

ನಿನ್ನ ಪ್ರೈಮರಿಯ ದಿನ ನಮ್ಮವರು ಬೆಳಗಿನ ನಾಲ್ಕಕ್ಕೇ ಮುಖಕ್ಕೆ ಹಸಿರು ಬಣ್ಣ ಬಳಿದುಕೊಂಡು ಮರಕ್ಕೆ ಬೆನ್ನು ಕೊಟ್ಟು ಕೂತಿರುತ್ತಾರೆ. ಕತ್ತಲಾದ ಮೇಲೆ ಹೊರಗೆ ಬರುತ್ತಾರೆ. ಅಷ್ಟರಲ್ಲಿ ಮತಗಟ್ಟೆ ಮುಚ್ಚಿರುತ್ತದೆ. ಅವರನ್ನು ಬೈದು ಪ್ರಯೋಜನವಿಲ್ಲ. ಕಾಡಿನಿಂದ ಮಧ್ಯಾಹ್ನ ಒಂದು ಗಂಟೆ ಹೊತ್ತು ಹೊರಗೆ ಕರೆಯಬೇಕು, ಅಷ್ಟೆ.

ಕರೆಯುವುದಕ್ಕೆ ಪಟ್ಟಿ ಯಾಕೆ? ಏಪ್ರಿಲ್‌ನಲ್ಲಿ ಕೋಳಿ ಬೇಟೆಗೆ ಹೋಗುವ ಪ್ರತಿಯೊಬ್ಬನೂ ಬಂದೂಕಿನ ಚರೆ ಹೇಗೆ ಹರಡುತ್ತದೆ ಎಂದು ನೋಡಲು ರೇಂಜಿಗೆ ಬಂದೇ ಬರುತ್ತಾನೆ. ಕೋಳಿಯ ತಲೆಯ ಚಿತ್ರ ಇರುವ ಕಾಗದವನ್ನು ಹಲಗೆಗೆ ಹೊಡೆಯುತ್ತಾನೆ, ಗುಂಡು ಹಾರಿಸುತ್ತಾನೆ, ಕಿತ್ತುಕೊಂಡು ತೂತು ಎಣಿಸುತ್ತಾನೆ. ಆ ಕಾಗದದ ಅಂಚಿನಲ್ಲಿ ಎರಡು ತಾರೀಖು ಅಚ್ಚು ಹಾಕಿಸು. ಯಾರ ಹೆಸರೂ ಬೇಡ. ತೂತು ಎಣಿಸುವವನು ತಾರೀಖು ಓದದೆ ಇರಲಾರ.

ಎಮೆಟ್

•

ಟ್ಯಾನರ್ಸ್ ಗ್ಯಾಪ್
24 ಏಪ್ರಿಲ್

ಎಮೆಟ್,

ನಿನ್ನೆ ಸಂಜೆಗೆ 300 ಕಾಗದ ಖಾಲಿಯಾಗಿ, ಇನ್ನೂ 150 ಅಚ್ಚಿಗೆ ಹೋಗಿವೆ. ಎಣಿಸಿದವಳು ನಾನೇ. ಕಾಗದವನ್ನು, ಜನರನ್ನಲ್ಲ.

ಬೇಟೆ ಇಲಾಖೆಯ ಪುಸ್ತಕ ನೋಡಿದೆ. ಹಿಂದಿನ ವರ್ಷಗಳದ್ದನ್ನೂ ಹುಡುಕಿದೆ. ನೀವು ಹೇಳಿದ್ದು ಸರಿ. ಇಪ್ಪತ್ತು ವರ್ಷ ಈ ಕ್ಲಬ್ಬಿನ ಕಾಗದಪತ್ರ ನೋಡಿದವಳಿಗೆ ಒಮ್ಮೆಯೂ ಇದು ಕಾಣಿಸಿರಲಿಲ್ಲ. ವೆಂಡೆಲ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದೆ. “ಹೋದ ಸಲ ಹದಿನಾರನೇ ತಾರೀಖು ಇಪ್ಪತ್ತೊಂದು ಪೌಂಡಿನ ಕೋಳಿ ಹೊಡ್ದೆ” ಎಂದರು. ಆಮೇಲೆ “ಡೆಲಿಂಜರ್ ಗೆದ್ದದ್ದೂ ಅವತ್ತೇನಾ?” ಎಂದು ಕೇಳಿದರು.

ಶನಿವಾರ ಮರ್ಲ್ ಹಲಗೆಯ ಹತ್ತಿರ ಕಾಗದ ಹಿಡಿದು ನಿಂತಿದ್ದ. “ಹದಿನೇಳು ತೂತು. ಕೋಳಿ ಸತ್ತಂಗೆ. ಇದೇನಿದು, ಮೇ ಐದು?”

“ಪಕ್ಷಕ್ಕೆ ಹೆಸರು ಕೊಡೋ ಕೊನೇ ದಿನ. ಕೊಡ್ದೆ ಇದ್ರೆ ಮೇನಲ್ಲಿ ಓಟಿಲ್ಲ.”

“ನಂಗೆ ಯಾವ ಪಕ್ಷಾನೂ ಆಗಲ್ಲ ಕಣಮ್ಮ. ನಮ್ಮಪ್ಪನೂ ಯಾರ ಜೊತೆನೂ ಸೇರ್ದವನಲ್ಲ.”

“ಮದ್ವೆ ಆಗು ಅಂತಿಲ್ಲ, ಮರ್ಲ್. ಬಾಗ್ಲು ದಾಟೋಕೆ ಒಂದು ಹೆಸರು ಕೇಳ್ತಾರೆ. ಜೂನ್‌ನಲ್ಲಿ ಬೇಡಾಂದ್ರೆ ಬಿಟ್ಟುಬಿಡು.”

“ಬಿಡೋದು ಇಷ್ಟು ಸುಲಭ ಅಂತ ನನ್ನ ಮೊದಲ್ನೇ ಹೆಂಡ್ತಿಗೆ ಹೇಳ್ಬೇಕಿತ್ತು ನೀನು,” ಎಂದ. ಆದರೆ ಅರ್ಜಿ ತೆಗೆದುಕೊಂಡ. ಅವನು ಅದನ್ನು ತುಂಬುವಾಗ ನಾನು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದೆ. ರಾಜೀನಾಮೆ ಕೊಟ್ಟ ಹನ್ನೊಂದು ಜನರಲ್ಲಿ ಇಬ್ಬರು ಗೇಟಿನವರೆಗೆ ಬಂದು ಕಾಗದ ಕೇಳಿ ಪಡೆದರು. ಒಳಗೆ ಬರಲಿಲ್ಲ.

ಒಂದು ಮಾತು ಕೇಳುತ್ತೇನೆ. ಪಟ್ಟಿ ಸುಟ್ಟರೂ ನೆನಪು ಸುಡುವುದಿಲ್ಲ. ನಿಮ್ಮ ಹೆಸರು ಅದರಲ್ಲಿರಲಿಲ್ಲ. ಇಷ್ಟೆಲ್ಲ ದಾರಿ ತೋರಿಸಿದವರು ನೀವೇ ಹೊರಗೆ ನಿಲ್ಲುವುದು ನನಗೆ ಒಗ್ಗುತ್ತಿಲ್ಲ. ಅರ್ಜಿ ಇದರ ಜೊತೆಗಿದೆ. ಕೊನೆಯ ದಿನಕ್ಕೆ ಹನ್ನೊಂದು ದಿನ ಉಳಿದಿದೆ.

ಲೋರ್ನಾ

•

ಅಂಚೆ ಪೆಟ್ಟಿಗೆ 40
29 ಏಪ್ರಿಲ್

ಲೋರ್ನಾ,

ಅರ್ಜಿಯನ್ನು ಹಿಂದಕ್ಕೆ ಕಳಿಸಿದ್ದೇನೆ. ಬೇರೆ ಯಾರಿಗಾದರೂ ಬೇಕಾದೀತು.

ನನ್ನ ಮನೆ ಇರುವುದು ನಿನ್ನ ಟೌನ್‌ಶಿಪ್‌ನಲ್ಲಲ್ಲ. ಕ್ಲಬ್ ಬಿಟ್ಟ ವರ್ಷವೇ ಊರೊಳಗಿನ ಮನೆ ಮಾರಿ ಬೇಟೆಯ ಗುಡಿಸಲಿಗೆ ಬಂದೆ. ಎರಡು ಟೌನ್‌ಶಿಪ್‌ಗಳ ಗಡಿ ನನ್ನ ನೀರಿನ ಒರತೆಯ ಮೇಲೇ ಹಾದುಹೋಗುತ್ತದೆ. ಒರತೆ ನಿನ್ನ ಕಡೆ, ಹಾಸಿಗೆ ಆ ಕಡೆ. ಕಾಗದ ಬರುವ ಅಂಚೆ ಪೆಟ್ಟಿಗೆ ಮಾತ್ರ ಹಳೆಯದು. ನಿನ್ನ ರೇಂಜಿನ ವಿಷಯದಲ್ಲಿ ನನಗೆ ಮತವಿಲ್ಲ. ನೀನು ಪಕ್ಕದ ಟೌನ್‌ಶಿಪ್‌ನ ಪಟ್ಟಿಯನ್ನೂ ಕೊಂಡಿದ್ದರೆ ನನ್ನ ಹೆಸರು ಸಿಗುತ್ತಿತ್ತು. 1974ರಿಂದ ಒಂದು ಮೇ ತಿಂಗಳನ್ನೂ ತಪ್ಪಿಸಿದವನಲ್ಲ. ಹನ್ನೆರಡು ಗಂಟೆಗೆ ಕಾಡಿನಿಂದ ಬಂದು, ಮತ ಹಾಕಿ, ಎರಡಕ್ಕೆ ವಾಪಸ್ಸು ಹೋಗುತ್ತೇನೆ. ಆ ಹೊತ್ತಿನಲ್ಲಿ ಗಂಡು ಕೋಳಿ ಹೇಗೂ ಕೂಗುವುದಿಲ್ಲ.

ಪಟ್ಟಿ ಎಂದರೆ ಹಾರಾಡುವವನು ಮತದಾರರ ಪಟ್ಟಿಯಲ್ಲಿ ಯಾಕಿದ್ದಾನೆ ಎಂದು ಕೇಳುತ್ತೀಯ. ಆ ಪಟ್ಟಿಗೆ ನನ್ನ ಹೆಸರು ಕೊಟ್ಟವನು ನಾನು. ವಿಮೆ ಕಂಪನಿಯ ಪಟ್ಟಿಗೆ ಕೊಟ್ಟವಳು ನೀನು. ವ್ಯತ್ಯಾಸ ಅಷ್ಟೆ.

ಎಮೆಟ್

•

ಟ್ಯಾನರ್ಸ್ ಗ್ಯಾಪ್
8 ಮೇ

ಎಮೆಟ್,

ನಾನು ನಿಮ್ಮನ್ನು ಕೇಳಬೇಕಾಗಿತ್ತು. 2014ರಲ್ಲಿ. ಅವತ್ತು ಫೋನ್ ಎತ್ತಿದ್ದರೆ ಎರಡು ನಿಮಿಷದ ಕೆಲಸ. ತಪ್ಪಾಯಿತು.

ಇದನ್ನು ಬರೆಯುವುದಕ್ಕೆ ಒಂದು ವಾರ ಹಿಡಿಯಿತು. ಉಳಿದದ್ದು ಸುಲಭ.

ನೋಂದಣಿ ಸೋಮವಾರ ಮುಗಿಯಿತು. 20ರಂದು ಮಧ್ಯಾಹ್ನ ಕ್ಲಬ್ಬಿನ ಗೇಟಿನಲ್ಲಿ ಹುರುಳಿಕಾಯಿ ಬೀಜ, ಹಂದಿ ಮಾಂಸ ಹಾಕಿದ ಸೂಪು ಮಾಡುತ್ತೇವೆ. ಕಾಡಿನ ರಸ್ತೆಯಿಂದ ಮತಗಟ್ಟೆ ಇರುವ, ಅಗ್ನಿಶಾಮಕ ದಳದ ಫೈರ್ ಹಾಲಿಗೆ ಹೋಗುವವರು ಆ ಗೇಟನ್ನು ದಾಟಲೇಬೇಕು. ಮತ ಹಾಕಿದವರಿಗೆ ಎರಡು ಬಟ್ಟಲು ಕೊಡೋಣ ಎಂದರು ವೆಂಡೆಲ್. ಹಾಗೆ ಮಾಡಿದರೆ ಕಾನೂನಿನ ಪ್ರಕಾರ ಲಂಚವಾಗುತ್ತದೆ ಎಂದು ಚುನಾವಣೆ ನಡೆಸುವ ಕೌಂಟಿ ಕಚೇರಿಯಲ್ಲಿ ಕೇಳಿ ತಿಳಿದುಕೊಂಡೆ. ಆದ್ದರಿಂದ ಫಲಕದ ಮೇಲೆ ಹೀಗೆ ಬರೆಸಿದ್ದೇವೆ: ‘ಸೂಪು ಎಲ್ಲರಿಗೂ. ಮತ ಹಾಕಿದರೂ, ಹಾಕದಿದ್ದರೂ. ಬಂದೂಕು ಗಾಡಿಯಲ್ಲೇ ಇರಲಿ.’

ನಿಮಗೆ ಅಲ್ಲಿ ಮತವಿಲ್ಲ, ಗೊತ್ತು. ಸೌಟು ಹಿಡಿಯಲು ಗಡಿ ಅಡ್ಡ ಬರುವುದಿಲ್ಲ. ಬರುತ್ತೀರಾ ಎಂದು ಕೇಳುತ್ತಿದ್ದೇನೆ.

ಲೋರ್ನಾ

•

ಟ್ಯಾನರ್ಸ್ ಗ್ಯಾಪ್
23 ಮೇ

ಎಮೆಟ್,

ಲೆಫ್ಲರ್ 338, ಕ್ರೌಸ್ 331. ಏಳು ಮತಗಳಿಂದ ಸೋತೆವು. ಇದು ಕೌಂಟಿ ಕಚೇರಿ ಬುಧವಾರ ಕೊಟ್ಟ ಅನಧಿಕೃತ ಲೆಕ್ಕ. ವಾರಪತ್ರಿಕೆ ಇವತ್ತು ಮೊದಲ ಪುಟದಲ್ಲಿ ಹಾಕಿದೆ. ಎರಡು ವರ್ಷದ ಹಿಂದೆ ಇದೇ ಟೌನ್‌ಶಿಪ್‌ನಲ್ಲಿ ಒಟ್ಟು ಬಿದ್ದದ್ದು 402 ಮತ. ಈ ಸಲ 669. ನಮ್ಮವರು ಎಷ್ಟು ಎಂದು ನನಗೆ ಗೊತ್ತಿಲ್ಲ. ಇನ್ನು ಮೇಲೆ ಗೊತ್ತಾಗುವುದೂ ಇಲ್ಲ.

ನೀವು ಎರಡು ಗಂಟೆಗೆ ಸೌಟು ಕೊಟ್ಟು ನಿಮ್ಮ ಮತ ಹಾಕಲು ಹೋದ ಮೇಲೆ ನಡೆದದ್ದನ್ನು ಹೇಳುತ್ತೇನೆ. ಮೂರರ ಹೊತ್ತಿಗೆ ಫೈರ್ ಹಾಲಿನ ಸಾಲು ಅಂಗಳದವರೆಗೆ ಬಂದಿತ್ತು. ಹಸಿರು ಮುಖ, ಎಲೆ ಅಂಟಿದ ಟೋಪಿ. ಮರ್ಲ್ ಹೆಸರು ಹೇಳಿದಾಗ ಮತಗಟ್ಟೆಯ ಹೆಂಗಸು, ಅವನ ಅತ್ತಿಗೆಯೇ, “ಮುಖ ತೊಳ್ಕೊಂಡು ಬಾರಯ್ಯ, ಯಾರೂಂತ ಗುರ್ತು ಸಿಗ್ಬೇಕಲ್ಲ” ಎಂದಳು. “ಮನೇಲಿ ತೊಳ್ಕೊಂಡಾಗ್ಲೂ ಗುರ್ತು ಹಿಡಿಯಲ್ಲ ನೀನು,” ಎಂದು ಸಹಿ ಹಾಕಿದ. ವೆಂಡೆಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ಒಳಗೆ ಹೋದರು.

ಬುಧವಾರ ಲೆಕ್ಕ ಕೇಳಿದ ಮೇಲೆ ನಾನು ಬಸ್ಸನ್ನು ಶೆಡ್ಡಿನಲ್ಲಿ ನಿಲ್ಲಿಸಿ ಅದರಲ್ಲೇ ಸ್ವಲ್ಪ ಹೊತ್ತು ಕುಳಿತಿದ್ದೆ. ಏಳು ಜನ. ಬಸ್ಸಿನಲ್ಲಿ ಎರಡು ಸಾಲು ಸೀಟೂ ತುಂಬುವುದಿಲ್ಲ.

ನಿನ್ನೆ ಸಂಜೆ ಡೆನಿಸ್ ಲೆಫ್ಲರ್ ಫೋನ್ ಮಾಡಿದರು. ಅವರು ಇಡೀ ದಿನ ಫೈರ್ ಹಾಲಿನ ಬಾಗಿಲಲ್ಲಿ ಚೀಟಿ ಹಂಚುತ್ತ ನಿಂತಿದ್ದರು.

“ಮಿಸೆಸ್ ಕೀಫರ್, ಅಷ್ಟು ಜನ ಇದ್ದೀರಿ ಅಂತ ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ. ಮೂರು ವರ್ಷದಿಂದ ಇಲ್ಲಿದ್ದೀನಿ, ಸದ್ದು ಮಾತ್ರ ಕೇಳಿದ್ದೆ. ಜನಾನ ನೋಡಿರ್ಲಿಲ್ಲ.”

“ನೀವು ಗೆದ್ರಿ. ಅಭಿನಂದನೆ,” ಎಂದೆ. ಹೇಳುವುದು ಸುಲಭವಾಗಿರಲಿಲ್ಲ.

“ಏಳು ಓಟು. ಅದ್ರಲ್ಲಿ ಒಂದು ನಂದು, ಒಂದು ನಮ್ಮಮ್ಮಂದು. ಅಮ್ಮನಿಗೆ ತೊಂಬತ್ತೊಂದು. ಭಾನುವಾರ ಬೆಳಿಗ್ಗೆ ಗುಂಡಿನ ಸದ್ದಿಗೆ ಬೆಚ್ಚಿಬೀಳ್ತಾರೆ. ನಂಗೆ ಬೇಕಾಗಿರೋದು ಅದೊಂದು ಬೆಳಿಗ್ಗೆ. ಡೆಲಿಂಜರ್ ಅವರ ಕರಡು ನಂದಲ್ಲ. ಅದಕ್ಕೆ ಕೈ ಎತ್ತೋಕೆ ನಂಗೆ ಧೈರ್ಯನೂ ಇಲ್ಲ, ಮನಸ್ಸೂ ಇಲ್ಲ.”

“ಇದನ್ನ ಮೊದ್ಲೇ ನಮಗೆ ಹೇಳ್ಬಹುದಿತ್ತಲ್ಲ?”

“ನೀವು ಕೇಳ್ಬಹುದಿತ್ತಲ್ಲ?”



ಕರಡನ್ನು ಬದಿಗಿಟ್ಟು, ಗುಡ್ಡದ ಮನೆಗಳಿಂದ ಇಬ್ಬರು, ಕ್ಲಬ್ಬಿನಿಂದ ಇಬ್ಬರು ಸೇರಿ ರೇಂಜಿನ ಹೊತ್ತನ್ನು ನಿಗದಿ ಮಾಡಲಿ ಎಂದು ಡೆನಿಸ್ ಟೌನ್‌ಶಿಪ್‌ಗೆ ಬರೆದಿದ್ದಾರಂತೆ. ನಿವೃತ್ತರಾಗುವ ಸೂಪರ್‌ವೈಸರ್ ಒಪ್ಪಿದ್ದಾರೆ. ಕ್ಲಬ್ಬಿನಿಂದ ವೆಂಡೆಲ್ ಒಬ್ಬರು. ಇನ್ನೊಬ್ಬರು ಯಾರು ಎಂದು ನಿನ್ನೆ ರಾತ್ರಿ ಕ್ಲಬ್ಬಿನಲ್ಲಿ ಕೇಳಿದಾಗ ಮೂರು ಕಡೆಯಿಂದ ನಿಮ್ಮ ಹೆಸರೇ ಬಂತು. ಟೌನ್‌ಶಿಪ್‌ನಲ್ಲಿ ಮನೆ ಇರಬೇಕೆಂದಿಲ್ಲ, ಸದಸ್ಯರಾಗಿದ್ದರೆ ಸಾಕು.

ಆದರೆ ಸಮಿತಿಯವರ ಹೆಸರು ಟೌನ್‌ಶಿಪ್‌ನ ನಡಾವಳಿಯಲ್ಲಿ ಅಚ್ಚಾಗುತ್ತದೆ, ವಾರಪತ್ರಿಕೆಯಲ್ಲಿ ಬರುತ್ತದೆ, ಕಂಪ್ಯೂಟರಿನಲ್ಲೂ ಇರುತ್ತದೆ. ‘ಬಂದೂಕು ಕ್ಲಬ್’ ಎಂದು ಪಕ್ಕದಲ್ಲೇ ಬರೆದಿರುತ್ತದೆ. ಎಲ್ಲರೂ ಹೂಂ ಎಂದರೂ ನಾನು ಇನ್ನೂ ಬರೆದುಕೊಂಡಿಲ್ಲ. ನಿಮ್ಮ ಹೆಸರು ಬರೆಯಲೇ?

ಬೇಡವೆಂದರೆ ಬೇಡ. ಕಾರಣ ಹೇಳಬೇಕಾಗಿಲ್ಲ.

ನಿಮ್ಮ,
ಲೋರ್ನಾ

•

ಅಂಚೆ ಪೆಟ್ಟಿಗೆ 40
28 ಮೇ

ಲೋರ್ನಾ,

ಬರೆ.

ಮನೆಯ ವಿಳಾಸ ಕೇಳಿದರೆ ಅಂಚೆ ಪೆಟ್ಟಿಗೆ ಸಾಕು ಎನ್ನು. ಸದಸ್ಯತ್ವದ ಅರ್ಜಿ ತುಂಬಿ ಜೊತೆಗಿಟ್ಟಿದ್ದೇನೆ. ಆ ನರ್ಸ್ ಹೇಳಿದ ಭಾನುವಾರ ಬೆಳಗ್ಗೆಯನ್ನು ಬಿಟ್ಟುಕೊಡೋಣ. ವೆಂಡೆಲ್ ಒಪ್ಪದಿದ್ದರೆ ನಾನು ಮಾತಾಡುತ್ತೇನೆ. ಬುಧವಾರ ಸಂಜೆಯನ್ನು ಮಾತ್ರ ಬಿಡಬಾರದು, ಅದು ಮಕ್ಕಳಿಗೆ ಕಲಿಸುವ ಹೊತ್ತು.

ಟೌನ್‌ಶಿಪ್ ಸಭೆ ಜೂನ್ 12, ಗುರುವಾರ, ಸಂಜೆ ಏಳಕ್ಕೆ, ಫೈರ್ ಹಾಲಿನಲ್ಲಿ. ಸಮಿತಿಯ ನೇಮಕ ಕಾರ್ಯಸೂಚಿಯಲ್ಲಿ ಮೂರನೆಯದು.

ಎಮೆಟ್